ನಕಾಮುರಾನನ್ನು ಬೀಳಿಸಿದ ಮಿನ್ಸ್ಕ್‌ನ ಹುಡುಗ: ಅಲೆಕ್ಸಿ ಇಗ್ನಾಶೊವ್ ಯಾಕೆ ಚಾಂಪಿಯನ್ ಆಗಲಿಲ್ಲ?

ರೆಸ್ಲಿಂಗ್_ಮಾಮ
ಎಲ್ಲರಿಗೂ ನಮಸ್ಕಾರ. ಡಬ್ಲ್ಯೂಡಬ್ಲ್ಯೂಇ ನೋಡುವವರಿಗೆ ಶಿನ್‌ಸುಕೆ ನಕಾಮುರಾ ಗೊತ್ತೇ ಇರುತ್ತಾನೆ. ಪಿಟೀಲು ಸಂಗೀತಕ್ಕೆ ಮೈ ಬಳುಕಿಸಿಕೊಂಡು ಬರ್ತಾನಲ್ಲ, ಕೊನೆಗೆ ಓಡಿ ಬಂದು ಮೊಣಕಾಲಲ್ಲಿ ಗುದ್ದಿ ಮುಗಿಸ್ತಾನಲ್ಲ, ಅವನೇ. ನಿನ್ನೆ ಅವನ ಹಳೇ ವಿಡಿಯೊ ಒಂದು ಸಿಕ್ಕಿತು. 2003ರ ಡಿಸೆಂಬರ್ 31, ಜಪಾನಿನ ನಗೋಯಾ. ಇದು ಮೊದಲೇ ಬರೆದಿಟ್ಟ ಕುಸ್ತಿ ಅಲ್ಲ, ನಿಜವಾದ ಫೈಟು. ಎದುರಿಗೆ ಬೆಲಾರುಸ್‌ನ ಒಬ್ಬ ತಾಳೆಮರದಂಥ ಆಸಾಮಿ. ಮೂರನೇ ರೌಂಡಿನಲ್ಲಿ ಅವನ ಮೊಣಕಾಲು ತಾಗಿ ನಕಾಮುರಾನೇ ನೆಲಕ್ಕೆ ಬಿದ್ದ! ಹೆಸರು ಅಲೆಕ್ಸಿ ಇಗ್ನಾಶೊವ್ ಅಂತಿತ್ತು. ಯಾರಿವನು? ಇಷ್ಟು ಚೆನ್ನಾಗಿ ಹೊಡೆಯುವವನ ಹೆಸರು ನಾನು ಯಾಕೆ ಕೇಳಿಲ್ಲ?

ಮೂರನೇ_ರೌಂಡ್
ಮಾಮ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಕೂತ್ಕೊಳ್ಳಿ, ಸ್ವಲ್ಪ ಉದ್ದ ಆಗುತ್ತೆ.

ಇಗ್ನಾಶೊವ್ ಹುಟ್ಟಿದ್ದು 1978ರ ಜನವರಿಯಲ್ಲಿ, ಮಿನ್ಸ್ಕ್‌ನಲ್ಲಿ. ಎತ್ತರ 196 ಸೆಂಟಿಮೀಟರ್. ರಿಂಗಿನಲ್ಲಿ ಕರೆಯುತ್ತಿದ್ದ ಹೆಸರು 'ಕೆಂಪು ಚೇಳು'. ಬೆಳೆದಿದ್ದು ಮಿನ್ಸ್ಕ್‌ನ ಚಿನುಕ್ ಜಿಮ್‌ನಲ್ಲಿ, ಆಂದ್ರೇ ಗ್ರಿದಿನ್ ಕೈಕೆಳಗೆ. ಮೂಲತಃ ಮುಯ್ ಥಾಯ್ ಆಟಗಾರ. ಅಂದರೆ ಕೈ, ಕಾಲು, ಮೊಣಕಾಲು, ಮೊಣಕೈ ಎಲ್ಲ ಬಳಸುವ ಥಾಯ್ ಶೈಲಿ.

ಆಗ ಹೆವಿವೇಟ್ ಕಿಕ್‌ಬಾಕ್ಸಿಂಗ್ ಅಂದರೆ ಜಪಾನಿನ ಕೆ-1. ಕರಾಟೆ ಗುರು ಕಾಜುಯೋಶಿ ಇಶಿಯಿ 1993ರಲ್ಲಿ ಶುರು ಮಾಡಿದ್ದು. ವರ್ಷಕ್ಕೊಂದು ಸಲ ಎಂಟು ಜನರನ್ನು ಒಂದೇ ರಾತ್ರಿ ಕಾದಾಡಿಸುತ್ತಿದ್ದರು. ಚಾಂಪಿಯನ್ ಆಗಬೇಕಾದರೆ ಅದೇ ರಾತ್ರಿ ಮೂರು ಜನರನ್ನು ಮಣಿಸಬೇಕು. 2001ರಲ್ಲಿ ನಗೋಯಾದ ಅರ್ಹತಾ ಟೂರ್ನಿ ಗೆದ್ದಿದ್ದು ನಮ್ಮ ಇಗ್ನಾಶೊವ್. ಫೈನಲ್‌ನಲ್ಲಿ ಲಾಯ್ಡ್ ವಾನ್ ಡಾಮ್ಸ್‌ನನ್ನು ಸೋಲಿಸಿದ. ಆಗ 23 ವರ್ಷ. ಎಲ್ಲರೂ ಅಂದಿದ್ದು ಒಂದೇ ಮಾತು: ಇನ್ನೆರಡು ವರ್ಷದಲ್ಲಿ ಇವನೇ ರಾಜ.

ಎರಡು ವರ್ಷ ಆಯಿತು, ಹತ್ತು ವರ್ಷವೂ ಆಯಿತು. ಕಿರೀಟ ಮಾತ್ರ ಬರಲಿಲ್ಲ.

ಮಂಗ್ಳೂರ್_ಮಂಜ
ಯಾಕೆ ಅಂತ ಒಂದೇ ಪದದಲ್ಲಿ ಹೇಳ್ತೇನೆ. ಸೋಮಾರಿತನ. ಮುಗೀತು ಚರ್ಚೆ.

ಮೂರನೇ_ರೌಂಡ್
ಮಂಜಣ್ಣ, ಈ ಮಾತನ್ನು ಎಲ್ಲರೂ ಸುಮ್ನೆ ಒಬ್ಬರಿಂದೊಬ್ಬರು ಕೇಳಿ ಹೇಳ್ತಾರೆ. ಮನಸ್ಸು ಬಂದರೆ ಆಡ್ತಾನೆ, ಇಲ್ಲಾಂದ್ರೆ ರಿಂಗಿನಲ್ಲಿ ನಿಂತ್ಕೊಂಡೇ ಇರ್ತಾನೆ ಅಂತ. ಅದರಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಅಷ್ಟೇ ಹೇಳಿ ಮುಗಿಸಿದರೆ 2003ನೇ ಇಸವಿ ಅರ್ಥ ಆಗೋದಿಲ್ಲ. ಅವನ ಇಡೀ ಕಥೆ ಆ ವರ್ಷದ ಜೂನ್‌ನಿಂದ ಮುಂದಿನ ವರ್ಷದ ಮೇ ತನಕ ಇದೆ ಅನ್ನೋದು ನನ್ನ ಲೆಕ್ಕ.

2003ರ ಜೂನ್. ಆಮ್‌ಸ್ಟರ್‌ಡ್ಯಾಮ್‌ನ ಅರೀನಾ ಕ್ರೀಡಾಂಗಣ, 'ಇಟ್ಸ್ ಶೋಟೈಮ್' ಕಾರ್ಯಕ್ರಮ. ಎದುರಿಗೆ 18 ವರ್ಷದ ಹುಡುಗ, ಬದ್ರ್ ಹರಿ. ಹೌದು, ಮುಂದೆ ಇಡೀ ಕಿಕ್‌ಬಾಕ್ಸಿಂಗ್‌ನ ದೊಡ್ಡ ಹೆಸರಾದ ಅದೇ ಬದ್ರ್ ಹರಿ. ಹುಡುಗನಿಗೆ ಹೆದರಿಕೆ ಅನ್ನೋದೇ ಇರಲಿಲ್ಲ, ನುಗ್ಗಿ ನುಗ್ಗಿ ಹೊಡೆದ. ಮೂರನೇ ರೌಂಡಿನಲ್ಲಿ ಇಗ್ನಾಶೊವ್ ಅವನ ಆಟ ಮುಗಿಸಿದ. ಇದು ಸೋಮಾರಿಯ ಫೈಟ್ ಅಲ್ಲ.

ಕ್ಲಿಂಚ್_ರಾಣಿ
ನಾನು ಬೆಂಗಳೂರಲ್ಲಿ ಮುಯ್ ಥಾಯ್ ಕಲೀತಿದ್ದೀನಿ, ಹಾಗಾಗಿ ಮೊಣಕಾಲಿನ ವಿಷಯ ನಾನು ಹೇಳಲೇಬೇಕು. ನೋಡೋರಿಗೆ ಮೊಣಕಾಲು ಕಾಣುತ್ತೆ. ಕೆಲಸ ನಡೆಯೋದು ಕೈಯಲ್ಲಿ.

ಎದುರಾಳಿಯ ಕತ್ತು ಹಿಡಿಯೋದನ್ನೇ ಕ್ಲಿಂಚ್ ಅಂತೀವಿ. ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ತಲೆಯ ಹಿಂಭಾಗ ಹಿಡಿಯಬೇಕು. ಬೆರಳು ಹೆಣೆದುಕೊಂಡರೆ ಸರ್ ಅಲ್ಲೇ ಬೈತಾರೆ, ಬೆರಳು ಮುರಿಯುತ್ತೆ ಅಂತ. ಎರಡೂ ಮೊಣಕೈ ಎದುರಾಳಿಯ ಎದೆಮೂಳೆಗೆ ಒತ್ತಿಕೊಂಡಿರಬೇಕು. ಕತ್ತಿನ ಬುಡ ಹಿಡಿದರೆ ಪ್ರಯೋಜನ ಇಲ್ಲ, ಅಲ್ಲಿ ಶಕ್ತಿ ಜಾಸ್ತಿ. ತಲೆಯ ಮೇಲ್ಭಾಗ ಹಿಡಿದರೆ ಎಂಥ ಗಟ್ಟಿಗನೂ ಬಗ್ಗುತ್ತಾನೆ. ತಲೆ ಬಗ್ಗಿದ ಕೂಡಲೇ ಬೆನ್ನು ಬಾಗುತ್ತೆ. ಆಗ ಒಂದು ಕಾಲು ಹಿಂದಿಟ್ಟು ಸೊಂಟ ಮುಂದೆ ತಳ್ಳಿದರೆ ಮೊಣಕಾಲು ತಾನಾಗೇ ಮೇಲೆ ಬರುತ್ತೆ. ಬೀಳೋದು ಪಕ್ಕೆಗೆ, ಹೊಟ್ಟೆಗೆ, ತೀರಾ ಬಗ್ಗಿದರೆ ಮುಖಕ್ಕೆ.

ಈಗ 196 ಸೆಂಟಿಮೀಟರ್ ಇರುವವನಿಗೆ ಈ ಹಿಡಿತ ಎಷ್ಟು ಸುಲಭ ಅಂತ ಯೋಚಿಸಿ. ಎದುರಾಳಿಯ ತಲೆ ಅವನ ಎದೆಯ ಹತ್ತಿರವೇ ಇರುತ್ತೆ.

ಇಗ್ನಾಶೊವ್‌ನ ವಿಶೇಷ ಏನಂದ್ರೆ ಅವನಿಗೆ ಪೂರ್ತಿ ಹಿಡಿತ ಬೇಕಾಗೇ ಇರಲಿಲ್ಲ. ಎದುರಾಳಿ ಗುದ್ದೋಕೆ ಒಳಗೆ ನುಗ್ಗುವ ಹೊತ್ತಿಗೆ ನಡುವಿನಿಂದ ನೇರ ಮೊಣಕಾಲು ಎತ್ತುತ್ತಿದ್ದ. ನುಗ್ಗುವವನ ವೇಗವೂ ಏಟಿಗೆ ಸೇರಿಕೊಳ್ಳುತ್ತೆ.

ಹಾಸನದ_ಪುಟ್ಟ
ಅಕ್ಕಾ, ಇದನ್ನು ಓದಿಯೇ ನನ್ನ ಪಕ್ಕೆ ನೋಯ್ತಿದೆ.

ಡಾ_ಬೆಳಗಾವಿ
ನಾನು ಎಂಬಿಬಿಎಸ್ ಓದಿದ್ದು ಮಿನ್ಸ್ಕ್‌ನಲ್ಲಿ. ನಮ್ಮ ಕಡೆಯಿಂದ ಬೆಲಾರುಸ್‌ಗೆ ಮೆಡಿಕಲ್ ಓದೋಕೆ ಹೋಗುವ ಹುಡುಗರು ಸಾಕಷ್ಟು ಜನ ಇದ್ದಾರೆ. ಆ ಊರಿನ ಬಗ್ಗೆ ಎರಡು ಮಾತು.

ಈ ಆಟ ಅಲ್ಲಿ ಎಲ್ಲಿಂದ ಬಂತು ಅಂತ ಆಶ್ಚರ್ಯ ಆಗಬಹುದು. ಸೋವಿಯತ್ ಕಾಲದಲ್ಲಿ ಕರಾಟೆಗೇ ಕಡಿವಾಣ ಇತ್ತು. 1981ರಲ್ಲಿ ಅನುಮತಿ ಇಲ್ಲದೆ ಕರಾಟೆ ಕಲಿಸೋದನ್ನ ಅಪರಾಧ ಮಾಡಿದರು, 1984ರಲ್ಲಿ ಪೂರ್ತಿ ನಿಷೇಧಿಸಿದರು. ನಿಷೇಧ ತೆಗೆದಿದ್ದು 1989ರಲ್ಲಿ. ಎರಡೇ ವರ್ಷಕ್ಕೆ ದೇಶವೇ ಒಡೆದು ಹೋಯಿತು. ಅಷ್ಟು ದಿನ ಕದ್ದು ಕಲಿತವರು ಬೆಳಕಿಗೆ ಬಂದರು. ಬಾಕ್ಸಿಂಗ್, ಕುಸ್ತಿಯ ಹಳೇ ಸೋವಿಯತ್ ತರಬೇತಿ ಹೇಗೂ ಇತ್ತು. ಅದರ ಮೇಲೆ ಥಾಯ್ ಶೈಲಿ ಕೂತಿತು. ಇಗ್ನಾಶೊವ್‌ಗೆ ನಿಷೇಧ ಹೋದಾಗ 11 ವರ್ಷ. ಕಲಿಯೋಕೆ ಸರಿಯಾದ ವಯಸ್ಸು.

ಈಗ ಬೆಲಾರುಸ್ ಅಮೆಚೂರ್ ಮುಯ್ ಥಾಯ್‌ನಲ್ಲಿ ದೊಡ್ಡ ಹೆಸರು. 2017ರ ವಿಶ್ವ ಚಾಂಪಿಯನ್‌ಶಿಪ್ ಮಿನ್ಸ್ಕ್‌ನಲ್ಲೇ ನಡೆಯಿತು. ನಾನಿದ್ದ ಹಾಸ್ಟೆಲ್ ಹತ್ತಿರವೂ ನೆಲಮಾಳಿಗೆಯಲ್ಲಿ ಒಂದು ಜಿಮ್ ಇತ್ತು. ಹೊರಗೆ ಮೈನಸ್ 15 ಡಿಗ್ರಿ, ಒಳಗೆ ಕನ್ನಡಿ ಮೇಲೆಲ್ಲ ಹಬೆ. ಬಾಗಿಲಲ್ಲಿ ಬೂಟಿನ ಹಿಮ ಕೊಡವದೆ ಒಳಗೆ ಕಾಲಿಟ್ಟರೆ ಕೋಚ್ ಬಾಯಲ್ಲಿ ಬೈಗುಳದ ಸುರಿಮಳೆ. ನಾನು ಕಲೀಲಿಲ್ಲ ಬಿಡಿ. ಜೊತೆಗಿದ್ದ ಬೀದರ್ ಹುಡುಗ ಸೇರಿದ್ದ. ಅವನ ಮೊಣಕಾಲಿಗೆ ಐಸ್ ಇಡೋ ಕೆಲಸ ನನ್ನದು.

ಮಂಗ್ಳೂರ್_ಮಂಜ
ಡಾಕ್ಟ್ರೇ, ಊರು ಚೆಂದ. ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಬದ್ರ್ ಹರಿಯನ್ನು ಸೋಲಿಸಿದ, ಸರಿ. 18 ವರ್ಷದ ಹುಡುಗನನ್ನು ಸೋಲಿಸಿದ್ದು ಏನು ಮಹಾ? ಅದೇ ವರ್ಷದ ಡಿಸೆಂಬರ್‌ನಲ್ಲಿ ಟೋಕಿಯೊ ಡೋಮ್‌ನ ಫೈನಲ್ ರಾತ್ರಿ ಏನಾಯಿತು? ಮೊದಲ ಫೈಟಿನಲ್ಲೇ ಪೀಟರ್ ಆರ್ಟ್ಸ್ ಎದುರು ಪಾಯಿಂಟ್ಸ್ ಮೇಲೆ ಸೋತ. ಆರ್ಟ್ಸ್ ಮೊದಲ ಸಲ ಗೆದ್ದಿದ್ದು 1994ರಲ್ಲಿ. 2003ರ ಹೊತ್ತಿಗೆ ಹಳೇ ಹುಲಿ. ಹಸಿವು ಇದ್ದವನು ಅಲ್ಲಿ ಸೋಲ್ತಾನಾ?

ಮೂರನೇ_ರೌಂಡ್
ಮೂರು ಸಲ ಕೆ-1 ಗೆದ್ದ ಆರ್ಟ್ಸ್ ಎದುರು ಪಾಯಿಂಟ್ಸ್ ಮೇಲೆ ಸೋಲೋದು ಅವಮಾನ ಹೇಗಾಗುತ್ತೆ ಮಂಜಣ್ಣ?

ಇನ್ನೊಂದು ವಿಷಯ. ಕೆ-1 ಕಿರೀಟ ಅಂದರೆ ಶಕ್ತಿಯ ಜೊತೆ ಅದೃಷ್ಟ. 2001ರಲ್ಲಿ ಗೆದ್ದ ಮಾರ್ಕ್ ಹಂಟ್‌ನನ್ನೇ ನೋಡಿ. ಅರ್ಹತಾ ಸುತ್ತಿನಲ್ಲಿ ರೇ ಸೆಫೊ ಎದುರು ಸೋತಿದ್ದ. ಸೆಫೊಗೆ ಗಾಯ ಆಗಿ ಮುಂದಕ್ಕೆ ಹೋಗಲಾಗಲಿಲ್ಲ, ಹಂಟ್ ಒಳಗೆ ಬಂದ, ಕೊನೆಗೆ ಚಾಂಪಿಯನ್ ಆದ. 2002ರಲ್ಲಿ ಅರ್ನೆಸ್ಟೊ ಹೂಸ್ಟ್ ಕ್ವಾರ್ಟರ್‌ಫೈನಲ್‌ನಲ್ಲಿ ಬಾಬ್ ಸ್ಯಾಪ್ ಎದುರು ಸೋತ. ಸ್ಯಾಪ್ ಕೈ ಮುರಿದುಕೊಂಡ, ಹೂಸ್ಟ್ ವಾಪಸ್ ಬಂದ, ಅವನೇ ಕಪ್ ಎತ್ತಿದ. ಸೋತವರೇ ಗೆಲ್ಲುವ ಟೂರ್ನಿ ಅದು! ಆ ಎರಡೂ ವರ್ಷ ಇಗ್ನಾಶೊವ್ ಕಡೆ ಅಂಥ ಬಾಗಿಲು ತೆರೆಯಲಿಲ್ಲ.

ಇನ್ನೂ ಒಂದು ಲೆಕ್ಕ. 1993ರಿಂದ 2010ರ ತನಕ 18 ಗ್ರ್ಯಾಂಡ್ ಪ್ರಿ (ಕೆ-1ನ ಅದೇ ವಾರ್ಷಿಕ ಟೂರ್ನಿ) ನಡೆದವು. ಅದರಲ್ಲಿ 15 ಗೆದ್ದಿದ್ದು ಡಚ್ಚರು. ಆರ್ಟ್ಸ್ 3, ಹೂಸ್ಟ್ 4, ಬೊನ್ಯಾಸ್ಕಿ 3, ಷಿಲ್ಟ್ 4, ಓವರೀಮ್ 1. ಹೊರಗಿನವರು ಮೂರೇ ಜನ: ಕ್ರೊಯೇಶಿಯಾದ ಬ್ರಾಂಕೊ ಸಿಕಾಟಿಚ್, ಸ್ವಿಟ್ಜರ್ಲೆಂಡ್‌ನ ಆ್ಯಂಡಿ ಹುಗ್, ನ್ಯೂಜಿಲೆಂಡ್‌ನ ಹಂಟ್. ಆ ಪಟ್ಟಿಯಲ್ಲಿ ಇಲ್ಲದವರೆಲ್ಲ ಸೋಮಾರಿಗಳಾ? ಹಾಗಾದ್ರೆ ಜೆರೋಮ್ ಲೆ ಬ್ಯಾನರ್? ರೇ ಸೆಫೊ? ಸ್ವತಃ ಬದ್ರ್ ಹರಿ? ಅವನಿಗೂ ಆ ಕಪ್ ಸಿಗಲಿಲ್ಲ. 2008ರ ಫೈನಲ್‌ನಲ್ಲಿ ಕೆಳಗೆ ಬಿದ್ದಿದ್ದ ಬೊನ್ಯಾಸ್ಕಿಯನ್ನು ತುಳಿದು ಅನರ್ಹನಾದ, ಮುಂದಿನ ವರ್ಷ ಷಿಲ್ಟ್ ಎದುರು ಸೋತ.

ನೈಟ್‌ಶಿಫ್ಟ್
ಷಿಲ್ಟ್ ಹೆಸರು ಬಂತಲ್ಲ, ಅಲ್ಲೇ ಇದೆ ಉತ್ತರ. ಇಗ್ನಾಶೊವ್ ಎತ್ತರ 196. ಷಿಲ್ಟ್ 212! ಅವನೂ ಮೊಣಕಾಲಿನವನೇ. 2005ರಿಂದ ಆ ಮನುಷ್ಯ ಬಂದು ಕೂತಮೇಲೆ ಉದ್ದ ಇರೋದು ದೊಡ್ಡ ವಿಷಯವೇ ಆಗಿ ಉಳಿಯಲಿಲ್ಲ.

ರೆಸ್ಲಿಂಗ್_ಮಾಮ
ಎಲ್ಲ ಸರಿ, ನನ್ನ ನಕಾಮುರಾ ಫೈಟ್ ಬಗ್ಗೆ ಯಾರೂ ಹೇಳಲೇ ಇಲ್ಲ. ವಿಡಿಯೊದಲ್ಲಿ ಗೆದ್ದಿದ್ದು ಇಗ್ನಾಶೊವ್. ದಾಖಲೆಯಲ್ಲಿ ನೋಡಿದರೆ ಫಲಿತಾಂಶ ಇಲ್ಲ ಅಂತಿದೆ. ಏನಿದು?

ಮೂರನೇ_ರೌಂಡ್
ಬರ್ತಿದ್ದೆ ಅಲ್ಲಿಗೇ. ಆರ್ಟ್ಸ್ ಎದುರು ಸೋತು ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ 6ಕ್ಕೆ ಟೋಕಿಯೊ, 31ಕ್ಕೆ ನಗೋಯಾ ಡೋಮ್. ಅದೂ ಕಿಕ್‌ಬಾಕ್ಸಿಂಗ್ ಅಲ್ಲ, ಎಂಎಂಎ, ಅಂದರೆ ಹಲವು ಶೈಲಿ ಬೆರೆಸಿದ ಕಾಳಗ. ನೆಲಕ್ಕೆ ಕೆಡವಬಹುದು, ಕತ್ತು ಹಿಚುಕಬಹುದು, ಕೈ ತಿರುಚಬಹುದು.

ಆ ರಾತ್ರಿ ಜಪಾನಿನಲ್ಲಿ ಏನು ನಡೀತಿತ್ತು ಗೊತ್ತಾ? ಹೊಸ ವರ್ಷದ ಹಿಂದಿನ ರಾತ್ರಿ ಮೂರು ಟಿವಿ ವಾಹಿನಿಗಳು ಮೂರು ಬೇರೆ ಬೇರೆ ಫೈಟ್ ಕಾರ್ಯಕ್ರಮ ತೋರಿಸಿದವು. ಕೆ-1 ಕಡೆಯಿಂದ ಬಾಬ್ ಸ್ಯಾಪ್ ಮತ್ತು ಸುಮೊದ ಅತಿ ದೊಡ್ಡ ಪದವಿಯಾದ ಯೊಕೊಜುನಾ ಪಡೆದಿದ್ದ ಅಕೆಬೊನೊ ಫೈಟ್. ಅದರ ವೀಕ್ಷಕರ ಸಂಖ್ಯೆ ಕೆಲವು ನಿಮಿಷ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯ ಸಾಂಪ್ರದಾಯಿಕ ಹಾಡಿನ ಕಾರ್ಯಕ್ರಮವನ್ನೂ ದಾಟಿತ್ತು. ಅಂಥ ರಾತ್ರಿ ಕಾರ್ಯಕ್ರಮ ತುಂಬಿಸೋಕೆ ಹೆಸರು ಬೇಕು. ನಕಾಮುರಾ ಆಗ ತಾನೇ ನ್ಯೂ ಜಪಾನ್ ಕುಸ್ತಿಯ ಐಡಬ್ಲ್ಯೂಜಿಪಿ ಚಾಂಪಿಯನ್ ಆಗಿದ್ದ, ವಯಸ್ಸು 23. ಇಗ್ನಾಶೊವ್ ಕೆ-1ನ ಭಯಾನಕ ಮೊಣಕಾಲು. ಜೋಡಿ ಕುದುರಿತು.

ನಕಾಮುರಾ ಜಾಣ. ಮತ್ತೆ ಮತ್ತೆ ಕೆಳಗೆ ಕೆಡವಿದ. ನಿಂತಾಗಲೆಲ್ಲ ಏಟು ತಿಂದ, ಮುಖ ಊದಿಕೊಂಡಿತು. ಮೂರನೇ ರೌಂಡಿನಲ್ಲಿ ಮೊಣಕಾಲು ಬಿತ್ತು, ನಕಾಮುರಾ ಬಿದ್ದ. ಕೂಡಲೇ ಎದ್ದೂ ನಿಂತ. ಅಷ್ಟರಲ್ಲಿ ರೆಫ್ರಿ ಫೈಟ್ ನಿಲ್ಲಿಸಿ ಆಗಿತ್ತು. ಗಲಾಟೆ ಆಯಿತು, ನ್ಯೂ ಜಪಾನ್ ಕಡೆಯವರು ಒಪ್ಪಲಿಲ್ಲ. ಆಮೇಲೆ ಫಲಿತಾಂಶವನ್ನೇ ರದ್ದು ಮಾಡಿದರು.

ಮರುಪಂದ್ಯ 2004ರ ಮೇ 22ಕ್ಕೆ, ಸೈತಾಮಾ ಸೂಪರ್ ಅರೀನಾದಲ್ಲಿ. ಎರಡನೇ ರೌಂಡಿನಲ್ಲಿ ನಕಾಮುರಾ ನೆಲದ ಮೇಲೆ ಕತ್ತು ಹಿಚುಕಿ ಗೆದ್ದ. ಇಗ್ನಾಶೊವ್ ಶರಣಾದ.

ಕ್ಲಿಂಚ್_ರಾಣಿ
ಆಮೇಲೆ ನಕಾಮುರಾ ಡಬ್ಲ್ಯೂಡಬ್ಲ್ಯೂಇಗೆ ಬಂದು ಹೆಸರು ಮಾಡಿದ್ದು ಯಾವ ಏಟಿನಿಂದ? ಮೊಣಕಾಲಿನಿಂದ! ಯಾರ ಹತ್ರ ಕಲಿತ ಅಂತ ಬೇರೆ ಹೇಳಬೇಕಾ? 😄

ಮಂಗ್ಳೂರ್_ಮಂಜ
ನೋಡಿ, ನೀವೇ ನನ್ನ ವಾದ ಗಟ್ಟಿ ಮಾಡ್ತಿದ್ದೀರಿ. ಡಿಸೆಂಬರ್‌ನಲ್ಲಿ ನೆಲದ ಆಟದಲ್ಲಿ ತೊಂದರೆ ಪಟ್ಟ. ಮರುಪಂದ್ಯಕ್ಕೆ ಐದು ತಿಂಗಳು ಸಮಯ ಇತ್ತು. ಆ ಐದು ತಿಂಗಳಲ್ಲಿ ಕತ್ತು ಬಿಡಿಸಿಕೊಳ್ಳೋದನ್ನ ಕಲಿಯೋಕೆ ಆಗಲಿಲ್ವಾ? ಕ್ರೊ ಕಾಪ್ ಕೂಡ ಕೆ-1 ಬಿಟ್ಟು ಎಂಎಂಎಗೆ ಹೋದವನೇ. ಕೆಡವದಂತೆ ತಡೆಯೋದನ್ನ ಕಲಿತ, 2006ರಲ್ಲಿ ಜಪಾನಿನ ಎಂಎಂಎ ಸಂಸ್ಥೆ ಪ್ರೈಡ್‌ನ ಓಪನ್‌ವೇಟ್ ಟೂರ್ನಿ ಗೆದ್ದ. ಅವನೂ ಕಿಕ್‌ಬಾಕ್ಸರ್, ಇವನೂ ಕಿಕ್‌ಬಾಕ್ಸರ್. ವ್ಯತ್ಯಾಸ ಏನು? ಬೆವರು.

ಮೂರನೇ_ರೌಂಡ್
ಕ್ರೊ ಕಾಪ್ ಮಾತು ಒಪ್ಪಿದೆ. ಒಳ್ಳೆ ಏಟು ಕೊಟ್ಟಿರಿ.

ಆದರೆ ಕ್ರೊ ಕಾಪ್ ಕೆ-1 ಬಿಟ್ಟು ಎಂಎಂಎಯನ್ನೇ ಪೂರ್ತಿ ಹಿಡಿದ. ಇಗ್ನಾಶೊವ್‌ನನ್ನು ಎರಡು ದೋಣಿ ಮೇಲೆ ನಿಲ್ಲಿಸಿದರು. ಡಿಸೆಂಬರ್‌ನಿಂದ ಮೇ ತನಕದ ಆ ಐದು ತಿಂಗಳ ನಡುವೆ, ಮಾರ್ಚ್‌ನಲ್ಲಿ, ಸ್ಟೀವ್ ವಿಲಿಯಮ್ಸ್ ಜೊತೆ ಇನ್ನೊಂದು ಎಂಎಂಎ ಫೈಟ್ ಬೇರೆ. ವಿಲಿಯಮ್ಸ್ 40 ದಾಟಿದ ವೃತ್ತಿಪರ ಕುಸ್ತಿಪಟು. ಒಂದು ನಿಮಿಷವೂ ಆಗದೆ ಮುಗಿಯಿತು. ಅಂಥ ಗೆಲುವಿನಿಂದ ಏನು ಕಲಿಯೋಕೆ ಆಗುತ್ತೆ? ನೆಲದ ಆಟ ನನಗೆ ಬೇಡ ಅನ್ನೋ ಭ್ರಮೆ ಬರುತ್ತೆ ಅಷ್ಟೇ. ಆಯೋಜಕರಿಗೆ ಬೇಕಿದ್ದಿದ್ದು ಟಿವಿಗೆ ಹತ್ತು ನಿಮಿಷದ ಸದ್ದು. ಆಟಗಾರ ಬೆಳೆಯೋದು ಯಾರಿಗೂ ಬೇಕಿರಲಿಲ್ಲ. 25, 26ನೇ ವಯಸ್ಸು ಹೆವಿವೇಟ್‌ಗೆ ಬಂಗಾರದಂಥ ಸಮಯ. ಆ ಸಮಯ ಹೀಗೆ ಹೋಯಿತು ಅನ್ನೋದೇ ನನ್ನ ಸಿಟ್ಟು.

ಕ್ಲಿಂಚ್_ರಾಣಿ
ನಿಯಮದ ವಿಷಯವನ್ನೂ ಸೇರಿಸಿ ಸರ್. ಥಾಯ್ ನಿಯಮದಲ್ಲಿ ಕತ್ತು ಹಿಡಿದು ಏಟು ಬೀಳ್ತಿರೋ ತನಕ ಮೊಣಕಾಲು ಹಾಕಬಹುದು, ಮೊಣಕೈಯನ್ನೂ ಬಳಸಬಹುದು. ಕೆ-1ನಲ್ಲಿ ಮೊಣಕೈ ಇಲ್ಲವೇ ಇಲ್ಲ. ಹಿಡಿದುಕೊಂಡರೆ ರೆಫ್ರಿ ಬೇಗ ಬಿಡಿಸ್ತಾರೆ. ವರ್ಷ ಕಳೆದ ಹಾಗೆ ಅದು ಇನ್ನೂ ಬಿಗಿ ಆಯಿತು. ಒಂದು ಏಟು ಹಾಕು, ಬಿಡು ಅನ್ನೋ ಮಟ್ಟಕ್ಕೆ ಬಂತು. ಕ್ಲಿಂಚ್‌ನಲ್ಲಿ ಬೆಳೆದವನ ಅರ್ಧ ಆಯುಧ ಬಾಗಿಲಲ್ಲೇ ಬಿಟ್ಟು ಬಾ ಅಂದ ಹಾಗೆ. ಅದರ ಮೇಲೆ ಮೂರು ನಿಮಿಷದ ಮೂರೇ ರೌಂಡು. ಥಾಯ್ ಆಟದಲ್ಲಿ ಐದು ರೌಂಡ್ ಇರುತ್ತೆ, ಮೊದಲ ಎರಡು ನಿಧಾನಕ್ಕೆ ಅಳೆಯೋದಕ್ಕೆ. ಆ ಅಭ್ಯಾಸದವನು ಮೂರು ರೌಂಡಿನ ಆಟದಲ್ಲಿ ಸುಮ್ನೆ ನಿಂತ ಹಾಗೆ ಕಾಣ್ತಾನೆ. ನೋಡೋರು ಸೋಮಾರಿ ಅಂತಾರೆ.

ಡಾ_ಬೆಳಗಾವಿ
ಇದು ಹೊಸ ವಿಷಯ ಮೇಡಂ. ನನಗೆ ಹೊಳೆದಿರಲಿಲ್ಲ.

ಹಾಸನದ_ಪುಟ್ಟ
ಆಮೇಲೆ ಏನಾದ?

ಮೂರನೇ_ರೌಂಡ್
ಮಿನ್ಸ್ಕ್ ಬಿಟ್ಟು ನ್ಯೂಜಿಲೆಂಡ್‌ನ ಆಕ್ಲೆಂಡ್‌ಗೆ ಹೋದ. ಅಲ್ಲಿ ರೇ ಸೆಫೊ ಬಳಗದ ಜೊತೆ ತರಬೇತಿ. ಮತ್ತೆ ಕೆ-1 ರಿಂಗಿಗೂ ಬಂದ, ಯುರೋಪಿನಲ್ಲೂ ಆಡಿದ. ಗೆದ್ದಿದ್ದೂ ಇದೆ, ಸೋತಿದ್ದೂ ಇದೆ. ಹಳೇ ಭಯ ಮಾತ್ರ ಎದುರಾಳಿಗಳ ಕಣ್ಣಲ್ಲಿ ಇರಲಿಲ್ಲ. ಅಷ್ಟರಲ್ಲಿ ಕೆ-1 ನಡೆಸುತ್ತಿದ್ದ ಎಫ್‌ಇಜಿ ಕಂಪನಿಯೇ ಸಾಲದಲ್ಲಿ ಮುಳುಗಿತು, 2012ರಲ್ಲಿ ದಿವಾಳಿ ಆಯಿತು. ಎಷ್ಟೋ ಆಟಗಾರರಿಗೆ ದುಡ್ಡು ಬಾಕಿ ಉಳಿಯಿತು.

ನೈಟ್‌ಶಿಫ್ಟ್
ದುಡ್ಡಿನ ಮಾತು ಬಂತು ಅಂತ ಹೇಳ್ತೀನಿ. ಬೆಲಾರುಸ್‌ನಲ್ಲಿ ಇನ್ನೊಬ್ಬ ಹೆವಿವೇಟ್ ಇದ್ದಾನೆ, ಅಲೆಕ್ಸಿ ಕುದಿನ್. ಅವನೂ ಕಿಕ್‌ಬಾಕ್ಸಿಂಗ್, ಮುಯ್ ಥಾಯ್, ಎಂಎಂಎ ಎಲ್ಲ ಆಡಿದವನು. ಅವನ ಕಷ್ಟ ದುಡ್ಡಿನದಲ್ಲ. 2020ರ ಚುನಾವಣೆ ನಂತರ ಮೊಲೊದೆಚ್ನೊ ಊರಿನಲ್ಲಿ ನಡೆದ ಪ್ರತಿಭಟನೆಗೆ ಹೋಗಿದ್ದ. ಕೇಸು ಬಿತ್ತು. ರಷ್ಯಾಕ್ಕೆ ಹೋದ, ಅಲ್ಲಿ ಹಿಡಿದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬೇಡ ಅಂದರೂ 2021ರಲ್ಲಿ ಬೆಲಾರುಸ್‌ಗೆ ಒಪ್ಪಿಸಿದರು. ಎರಡೂವರೆ ವರ್ಷ ಜೈಲು ಶಿಕ್ಷೆ ಆಯಿತು. ಪೊಲೀಸರ ಮೇಲೆ ಕೈ ಮಾಡಿದ ಅನ್ನೋದು ಆರೋಪ. ಅಲ್ಲಿನ ಆಟಗಾರರ ಬಗ್ಗೆ ಮಾತಾಡುವಾಗ ಇದನ್ನು ಬಿಡೋಕೆ ಆಗಲ್ಲ.

ಡಾ_ಬೆಳಗಾವಿ
ಆ ವರ್ಷ ಅಲ್ಲಿದ್ದ ನನ್ನ ಜೂನಿಯರ್‌ಗಳು ಇಂಟರ್ನೆಟ್ ಇಲ್ಲದೆ ಮನೆಗೆ ಫೋನ್ ಮಾಡೋಕೆ ಒದ್ದಾಡಿದ್ದರು. ಹೆಚ್ಚು ಬರೆಯೋಲ್ಲ. ಅಲ್ಲಿ ಈಗಲೂ ಓದುವ ಹುಡುಗರಿದ್ದಾರೆ.

ಹಾಸನದ_ಪುಟ್ಟ
ಬೆಲಾರುಸ್‌ನಿಂದ ಯಾರೂ ದೊಡ್ಡ ಬೆಲ್ಟ್ ಗೆದ್ದೇ ಇಲ್ವಾ ಹಾಗಾದ್ರೆ?

ಮೂರನೇ_ರೌಂಡ್
ಗೆದ್ದಿದ್ದಾರೆ ಪುಟ್ಟ. ಬಾಬ್ರುಯ್ಸ್ಕ್‌ನ ಆಂದ್ರೇ ಅರ್ಲೊವ್‌ಸ್ಕಿ 2005ರಲ್ಲಿ ಅಮೆರಿಕದ ಎಂಎಂಎ ಸಂಸ್ಥೆ ಯುಎಫ್‌ಸಿಯ ಹೆವಿವೇಟ್ ಬೆಲ್ಟ್ ಕಟ್ಟಿಕೊಂಡ. ಟಿಮ್ ಸಿಲ್ವಿಯಾನನ್ನು ಕಾಲಿನ ಹಿಮ್ಮಡಿ ನರ ತಿರುಚಿ ಸೋಲಿಸಿದ. ಇಗ್ನಾಶೊವ್‌ಗಿಂತ ಒಂದು ವರ್ಷ ಚಿಕ್ಕವನು. ಒಂದೇ ದೇಶ, ಒಂದೇ ಕಾಲ. ಅವನು ಹೋಗಿದ್ದು ಅಮೆರಿಕಕ್ಕೆ, ಇವನು ಹೋಗಿದ್ದು ಜಪಾನಿಗೆ.

ಮಂಗ್ಳೂರ್_ಮಂಜ
ಮತ್ತೆ ನನ್ನ ಕಡೆಗೇ ಬಂತು ಮಾತು. ಅರ್ಲೊವ್‌ಸ್ಕಿ 40 ದಾಟಿದ ಮೇಲೂ ಯುಎಫ್‌ಸಿಯಲ್ಲಿ ಆಡ್ತಿದ್ದ. ಸೋತರೂ ಬಿಡಲಿಲ್ಲ. ಇದನ್ನೇ ನಾನು ಹಸಿವು ಅನ್ನೋದು. ನಿಯಮ, ಆಯೋಜಕ, ಅದೃಷ್ಟ ಎಲ್ಲ ಒಪ್ತೇನೆ, ಮೇಡಂ ಹೇಳಿದ ಮೂರು ರೌಂಡಿನ ಮಾತನ್ನೂ ಒಪ್ತೇನೆ. ಆದರೆ ಅರ್ಧ ತಪ್ಪು ಅವನದ್ದೇ. ಅದಕ್ಕಿಂತ ಕೆಳಗೆ ನಾನು ಇಳಿಯೋದಿಲ್ಲ.

ಮೂರನೇ_ರೌಂಡ್
ನಾನು ಕಾಲು ಭಾಗ ಕೊಡ್ತೀನಿ. ಅದಕ್ಕಿಂತ ಮೇಲೆ ನಾನೂ ಹತ್ತೋದಿಲ್ಲ.

ಕ್ಲಿಂಚ್_ರಾಣಿ
ನೀವಿಬ್ಬರೂ ಚೌಕಾಸಿ ಮಾಡ್ತಿರಿ. ಪುಟ್ಟ, ಮಿನ್ಸ್ಕ್‌ನ ಈಗಿನ ಆಟ ನೋಡಬೇಕಾದ್ರೆ ಚಿಂಗಿಜ್ ಅಲ್ಲಾಜೊವ್ ಅಂತ ಹುಡುಕು. ಇಗ್ನಾಶೊವ್‌ನನ್ನು ಬೆಳೆಸಿದ ಅದೇ ಗ್ರಿದಿನ್ ಗರಡಿ. 2023ರ ಜನವರಿಯಲ್ಲಿ ಬ್ಯಾಂಕಾಕ್‌ನಲ್ಲಿ ಥಾಯ್ಲೆಂಡ್‌ನ ಸೂಪರ್‌ಬಾನ್‌ನನ್ನು ಎರಡನೇ ರೌಂಡಿನಲ್ಲಿ ನಾಕೌಟ್ ಮಾಡಿ ಏಷ್ಯಾದ ದೊಡ್ಡ ಫೈಟ್ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ನ ಬೆಲ್ಟ್ ಗೆದ್ದ. ಹೆವಿವೇಟ್ ಅಲ್ಲ, ತೂಕದಲ್ಲಿ ನಿನ್ನಷ್ಟೇ ಇರಬಹುದು.

ಹಾಸನದ_ಪುಟ್ಟ
ಅಕ್ಕಾ ನಾನು 88 ಕೆಜಿ.

ಕ್ಲಿಂಚ್_ರಾಣಿ
ಹಾಗಾದ್ರೆ ನಿನಗೆ ಇಗ್ನಾಶೊವ್ ವಿಡಿಯೊನೇ ಸರಿ. ಬದ್ರ್ ಹರಿ ಫೈಟಿನಿಂದ ಶುರು ಮಾಡು, ಮೂರನೇ ರೌಂಡ್ ಬರೋ ತನಕ ಮುಂದಕ್ಕೆ ಓಡಿಸಬೇಡ.